ಸ್ಪಷ್ಟನೆ: ಆಟಿಕೆ ಮೊಸಳೆಗೆ ಇಂಗ್ಲಿಷ್ ಟೈಪಿಂಗ್ ಬೇಕಿಲ್ಲ

ತುಮಕೂರಿನ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಒಂದನೇ ಕ್ಲಾಸಿನಿಂದಲೇ ಕೋಡಿಂಗ್ ಕಡ್ಡಾಯ, ಅಟಲ್ ಲ್ಯಾಬಿನಲ್ಲಿ ಕಲಿಸುತ್ತಾರೆ, ಮಕ್ಕಳನ್ನು ಈಗಲೇ ಇಂಗ್ಲಿಷ್ ಟೈಪಿಂಗ್‌ಗೆ ಸೇರಿಸಿ’ ಅಂತ. (ಕೋಡಿಂಗ್ ಅಂದರೆ ಕಂಪ್ಯೂಟರ್ ಏನು ಮಾಡಬೇಕು ಅಂತ ಅದಕ್ಕೆ ಹಂತ ಹಂತವಾಗಿ ಹೇಳುವುದು.) ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಿಂತ ಬೇಗ ಖರ್ಚಾಗುತ್ತಿದೆ ಇದು!

ಇದು ಸರಿಯಲ್ಲ. ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಕೇಂದ್ರ ಸರ್ಕಾರದ ಯೋಜನೆಯಡಿ ಶಾಲೆಗಳಲ್ಲಿರುವ ಪ್ರಯೋಗಾಲಯ, ಇರುವುದು 6ರಿಂದ 12ನೇ ತರಗತಿಯವರಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗ್ ಮಾತು ಎತ್ತುವುದು ಮಾಧ್ಯಮಿಕ ಹಂತಕ್ಕೆ, ಅಂದರೆ 6ನೇ ತರಗತಿಯಿಂದ.

ಹಾಗಂತ ಚಿಕ್ಕವರಿಗೆ ಕೋಡಿಂಗ್ ಆಗಲ್ಲ ಅಂತಲ್ಲ. ಆಟಿಕೆ ಕಂಪನಿ ಲೆಗೋದ ವೀಡೂ ಎಂಬ ರೋಬೋಟ್ ಜೋಡಿಸುವ ಕಿಟ್ ಬಂದಿದ್ದೇ 7 ವರ್ಷ ದಾಟಿದ ಮಕ್ಕಳಿಗೆ. ಅದರಿಂದ ಮಾಡುವ ಆಟಿಕೆಗಳಲ್ಲಿ ಒಂದು, ಹಸಿದ ಮೊಸಳೆ. ಮಕ್ಕಳೇ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ, ಮೋಟಾರಿಗೆ ರಾಟೆ, ಬೆಲ್ಟ್ ಹಾಕುತ್ತಾರೆ. ಎದುರಿಗೆ ಬಂದದ್ದನ್ನು ಪತ್ತೆ ಮಾಡುವ ಸೆನ್ಸರ್ ಮುಂದೆ ಏನಾದರೂ ಬಂದರೆ ಮೊಸಳೆ ಬಾಯಿ ಗಬಕ್ಕನೆ ಮುಚ್ಚುತ್ತದೆ. ಪ್ರೋಗ್ರಾಂ ಬರೆಯುವುದು ಅಂದರೆ ಪರದೆ ಮೇಲಿನ ಚಿತ್ರದ ತುಂಡುಗಳನ್ನು ಎಳೆದು ಸಾಲಾಗಿ ಇಡುವುದು, ಅಷ್ಟೇ. ಟೈಪಿಂಗ್ ಎಲ್ಲಿ ಬಂತು? ಬೆಲ್ಟ್ ಸಡಿಲವಾದರೆ ಬಾಯಿ ಮುಚ್ಚಲ್ಲ, ಯಾಕೆ ಅಂತ ಹುಡುಕುತ್ತಾ ಕೂರುತ್ತಾರೆ. ಎಂಜಿನಿಯರಿಂಗ್ ಅಂದರೆ ಅದೇ ಅಲ್ವಾ?

ಕಿಟ್ ದುಬಾರಿಯಾಗಿತ್ತು, ನಿಜ; ಲೆಗೋ ಈಗ ಅದನ್ನು ಮಾಡುವುದನ್ನೂ ನಿಲ್ಲಿಸಿದೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ, ಇದೇ ರೀತಿ ತುಂಡು ಜೋಡಿಸಿ ಕೋಡಿಂಗ್ ಮಾಡುವ ಸ್ಕ್ರ್ಯಾಚ್ ಎಂಬ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆ, ಅದಕ್ಕೂ ದುಡ್ಡಿಲ್ಲ. ಸುಮ್ನೆ ಟೈಪಿಂಗ್ ಕ್ಲಾಸಿಗೆ ಫೀಸು ಕಟ್ಟಬೇಡಿ.