ಆ ಬಿಳುಪು ಬಣ್ಣವಲ್ಲ

ಕಳೆದ ಬೇಸಿಗೆಯಲ್ಲಿ ಗದಗದಿಂದ ನಮ್ಮ ಮನೆಗೆ ಬಂದ ಅಕ್ಕನ ಮಗಳ ಮುಖವನ್ನು ಎಲ್ಲರೂ ಹೊಗಳಿದೆವು. ನಾನೂ ಹೊಗಳಿದೆ. ಅದೇ ಈಗ ಚುಚ್ಚುತ್ತಿದೆ. ವರನ ಕಡೆಯವರು ನೋಡಲು ಬರುವುದಿತ್ತು. ಕೆನ್ನೆಯ ಮೇಲಿನ ಬಂಗು ಹೋಗಲೆಂದು ಯಾರೋ ಹೇಳಿದ ಟ್ಯೂಬನ್ನು ವೈದ್ಯರ ಚೀಟಿಯಿಲ್ಲದೆ ತಂದು, ದಿನವೂ ರಾತ್ರಿ ಹಚ್ಚುತ್ತಿದ್ದಳು. ಕೆಲವೇ ವಾರಗಳಲ್ಲಿ ಮುಖ ಬೆಳಗಿತು.

ದೀಪಾವಳಿಯ ಹೊತ್ತಿಗೆ ಬಿಸಿಲಿಗೆ ಹೋದರೆ ಉರಿ. ಕೆನ್ನೆಯಲ್ಲಿ ಕೆಂಪು ನರಗಳ ಬಲೆ, ಗದ್ದದ ತುಂಬ ಗುಳ್ಳೆ, ಮೇಲ್ದುಟಿಯ ಮೇಲೆ ಕೂದಲು. ಹಚ್ಚುವುದನ್ನು ಬಿಟ್ಟರೆ ಮುಖ ಕೆಂಡವಾಗುತ್ತಿತ್ತು, ಮತ್ತೆ ಹಚ್ಚಿದರೆ ತಣ್ಣಗಾಗುತ್ತಿತ್ತು. ಹೀಗಾಗಿ ಆ ಹುಡುಗಿ ಅದನ್ನೇ ಔಷಧವೆಂದು ನಂಬಿದ್ದಳು.

ಹುಬ್ಬಳ್ಳಿಯ ಚರ್ಮವೈದ್ಯರು ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್. ಕೊನೆಯದು ಸ್ಟಿರಾಯ್ಡ್. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಹಾರ್ಮೋನಿನ ಕೆಲಸವನ್ನೇ ಮಾಡುವ, ಅದಕ್ಕಿಂತ ಬಲವಾದ ಕೃತಕ ವಸ್ತು. ಇದು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆ ಜಾಗ ಬಿಳಿಚಿಕೊಳ್ಳುತ್ತದೆ. ಯಾವ ಸ್ಟಿರಾಯ್ಡ್ ಎಷ್ಟು ಪ್ರಬಲ ಎಂದು ಅಳೆಯಲು ವಿಜ್ಞಾನಿಗಳು ನೋಡುವುದು ಈ ಬಿಳಿಚುವಿಕೆಯನ್ನೇ. ನಾವು ಕಾಂತಿಯೆಂದು ಕೊಂಡಾಡಿದ್ದು ಔಷಧದ ಪ್ರಭಾವವನ್ನು! ಅದೇ ಹೊತ್ತಿಗೆ ಒಳಗೆ ಚರ್ಮ ತೆಳುವಾಗುತ್ತಿತ್ತು. ಈ ಸ್ಥಿತಿಗೆ ನಮ್ಮ ದೇಶದ ಚರ್ಮವೈದ್ಯರೇ 'ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್', ಅಂದರೆ ಹಚ್ಚುವ ಸ್ಟಿರಾಯ್ಡ್‌ನಿಂದ ಹಾಳಾದ ಮುಖ, ಎಂದು ಹೆಸರಿಟ್ಟಿದ್ದಾರೆ. ಹೆಸರಿಡುವಷ್ಟು ಮುಖಗಳು ಅವರ ಮುಂದೆ ಬಂದು ಕುಳಿತಿವೆ ಎಂದಾಯಿತು.

ಸ್ಟಿರಾಯ್ಡನ್ನು ನಾನು ಬೈಯುತ್ತಿಲ್ಲ. ನಮ್ಮ ಅವ್ವನ ಕಾಲಿನ ಇಸಬು ವಾಸಿಯಾದದ್ದು ಇದೇ ಜಾತಿಯ ಮುಲಾಮಿನಿಂದ, ವೈದ್ಯರು ಹೇಳಿದಷ್ಟೇ ದಿನ ಹಚ್ಚಿ. ಕ್ಲೋಬೆಟಸಾಲ್‌ನಂಥ ಅತಿ ಪ್ರಬಲ ಸ್ಟಿರಾಯ್ಡನ್ನು ಸಾಮಾನ್ಯವಾಗಿ ಎರಡು ವಾರ ಮೀರಿ ಹಚ್ಚಬಾರದು ಎನ್ನುತ್ತಾರೆ. ಅದನ್ನು ತಿಂಗಳುಗಟ್ಟಲೆ, ಮೈಯ ದೊಡ್ಡ ಭಾಗಕ್ಕೆ ಹಚ್ಚಿದರೆ ರಕ್ತಕ್ಕಿಳಿದು ಅಡ್ರಿನಲ್ ಗ್ರಂಥಿಗಳ ಸ್ವಂತ ಕೆಲಸವನ್ನೇ ಕುಂಠಿತಗೊಳಿಸಬಲ್ಲದು. ಹುಳುಕಡ್ಡಿಗೆ ಹಚ್ಚಿದರಂತೂ ತುರಿಕೆ ಅಡಗಿ, ಅದಕ್ಕೆ ಕಾರಣವಾದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ.

ಕಾನೂನು ಇಲ್ಲವೆಂದಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು, ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಕೇಳಿದ ಕೂಡಲೇ ಟ್ಯೂಬ್ ಕೈಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಹೆದರಿಕೆಯಾಗುವುದು ಪುಟ್ಟ ಡಬ್ಬಿಗಳಲ್ಲಿ ತುಂಬಿಕೊಡುವ, ಒಂದಕ್ಷರವನ್ನೂ ಬರೆಯದ ಕ್ರೀಮುಗಳನ್ನು ಕಂಡಾಗ. ಇಂಥವುಗಳಲ್ಲಿ ಸ್ಟಿರಾಯ್ಡ್ ಮತ್ತು ಪಾದರಸ ಸಿಕ್ಕಿದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಟ್ಯೂಬಿನ ಮೇಲಾದರೂ ಚೀಟಿ ಬೇಕೆಂದು ಹೇಳುವ ಆರ್‌ಎಕ್ಸ್ ಗುರುತು, ಹೆಚ್ಚಾಗಿ 'ಸೋನ್' ಎಂದು ಮುಗಿಯುವ ಹೆಸರು ಕಾಣಿಸುತ್ತದೆ. ಡಬ್ಬಿಯಲ್ಲಿ ಏನನ್ನು ಓದುವುದು?

ನಿಮ್ಮ ಮನೆಯಲ್ಲಿಯೂ ಯಾರಾದರೂ ತಿಂಗಳುಗಳಿಂದ ಹಚ್ಚುತ್ತಿದ್ದರೆ ಗಾಬರಿಯಿಂದ ಒಮ್ಮೆಲೇ ಬಿಡಿಸಬೇಡಿ, ಮೊದಲು ಚರ್ಮವೈದ್ಯರ ಬಳಿ ಕರೆದುಕೊಂಡು ಹೋಗಿ. ಟ್ಯೂಬನ್ನೂ ಒಯ್ಯಿರಿ.

ನಮ್ಮ ಹುಡುಗಿ ಈಗ ಚಿಕಿತ್ಸೆಯಲ್ಲಿದ್ದಾಳೆ. ತಿಂಗಳುಗಳೇ ಬೇಕು ಎಂದಿದ್ದಾರೆ. ಮೊನ್ನೆ ಬಂದಾಗ ಸೆರಗನ್ನು ಮುಖಕ್ಕೆ ಎಳೆದುಕೊಂಡು, "ಮಾಮಾ, ಮೊದಲಿನ ಕಪ್ಪೇ ಮರಳಿ ಬಂದರೆ ಸಾಕು" ಎಂದಳು.