‘ಸ್ಕಿಡ್ ಆಗಿ ಬಿದ್ದೆ’ ಅಂತ ಬರೆಸಬೇಡ್ರಿ

ಸಿಟ್ಟು ಇಳಿಯುವ ಮುಂಚೆ ಬರೆದುಬಿಡುತ್ತೇನೆ.

ಕಲಬುರಗಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕೋರ್ಟಿಗೆ ಹೋಗುವ ಎಷ್ಟೋ ಕಾಗದ ನನ್ನ ಕೈ ದಾಟಿಯೇ ಹೋಗುತ್ತವೆ. ಓದಬಾರದು ಅಂದರೂ ಕಣ್ಣು ಓದುತ್ತದೆ. ಇವತ್ತು ಆಳಂದ ಕಡೆಯ ಕಾಕಾ ಒಬ್ಬರು ಕ್ಯಾರಿಬ್ಯಾಗ್ ತುಂಬ ಕಾಗದ ತಂದಿದ್ದರು. ಮಗ ಟೇಲರ್. ಬೈಕಿಗೆ ಹಿಂದಿನಿಂದ ಜೀಪು ಗುದ್ದಿ ಬಲಗೈ ಮಣಿಕಟ್ಟು ಮುರಿದಿದೆ. ಆಸ್ಪತ್ರೆ ಕಾಗದದ ಮೊದಲನೇ ಸಾಲು ಏನು? ಬೈಕ್ ಸ್ಕಿಡ್ ಆಗಿ ಬಿದ್ದದ್ದು.

"ಯಾಕ್ರಿ ಕಾಕಾ, ಹಿಂಗ್ಯಾಕ ಬರೆಸಿದ್ರಿ?"

"ಅಲ್ಲಿ ನಿಂತ ಮಂದಿ ಹೇಳಿದ್ರು ತಮ್ಮಾ. ಪೊಲೀಸ್ ಕೇಸ್ ಅಂದ್ರ ದವಾಖಾನ್ಯಾಗ ಲಗೂ ನೋಡಂಗಿಲ್ಲ ಅಂತ."

ಈ ನಿಂತ ಮಂದಿ ಇದ್ದಾರಲ್ಲ, ಗಾಯ ಮಾಡಿದ ಜೀಪಿಗಿಂತ ಇವರ ಮೇಲೆ ನನಗೆ ಸಿಟ್ಟು ಜಾಸ್ತಿ. ಪೊಲೀಸರು ಬರಲಿ ಅಂತ ಕಾಯುತ್ತಾ ಕೂರದೆ ಮೊದಲು ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿಯಾಗಿದೆ. ಇವರಿಗೆ ಸುದ್ದಿ ಇನ್ನೂ ತಲುಪಿಲ್ಲ.

ಆ ಒಂದು ಸಾಲಿನಿಂದ ಏನಾಗುತ್ತದೆ ನೋಡಿ. ತಾನೇ ಬಿದ್ದ ಅಂದಮೇಲೆ ಎಷ್ಟೋ ಸಲ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಆಸ್ಪತ್ರೆಯವರು ಮಾಡುವ ದಾಖಲೆ, ಆಗಲ್ಲ, ಠಾಣೆಗೆ ಸುದ್ದಿ ಹೋಗಲ್ಲ. ಎಂಟು ಹತ್ತು ದಿನ ಬಿಟ್ಟು ದೂರು ಕೊಟ್ಟು, ಕೋರ್ಟಿನಲ್ಲಿ ಪರಿಹಾರ ಕೇಳಿದರೆ ಗುದ್ದಿದ ಗಾಡಿಯ ವಿಮಾ ಕಂಪನಿ ವಕೀಲರು ಆ ಸಾಲನ್ನೇ ಎತ್ತಿ ಹಿಡಿಯುತ್ತಾರೆ: ಆಮೇಲೆ ಯಾವುದೋ ಗಾಡಿ ಹುಡುಕಿ ಸೇರಿಸಿದ್ದಾರೆ ಸ್ವಾಮಿ ಅಂತ. ಹಾಗೆ ಸುಳ್ಳು ಕೇಸ್ ಹಾಕುವವರೂ ಇದ್ದಾರೆ, ಅದಕ್ಕೇ ನಿಜವಾಗಿ ಏಟು ತಿಂದವನನ್ನೂ ಅನುಮಾನದಿಂದ ನೋಡುತ್ತಾರೆ. ಅಪೀಲು ಅಂತ ಹೋದರೆ ಅಲ್ಲೂ ಅದೇ ಸಾಲು. 2008ರಿಂದ ಹೈಕೋರ್ಟ್ ಪೀಠ ನಮ್ಮ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡುವುದು ತಪ್ಪಿತು. ಕಾಗದ ಮಾತ್ರ ಗಾಯವಾದ ದಿನ ಆಸ್ಪತ್ರೆಯಲ್ಲಿ ಬರೆಸಿದ್ದೇ.

"ಅಣ್ಣಾ, ಜೀವ ಹೋಗೋ ಹೊತ್ತಿನಾಗ ಕಾಗದ, ಫೋಟೋ ಅಂತೀರಲ್ಲ" ಅಂತ ಒಬ್ಬ ಗೆಳೆಯ ಮೊನ್ನೆ ನನಗೇ ಪಾಠ ಹೇಳಿದ. ಹೌದಪ್ಪ, ಮೊದಲು ದವಾಖಾನೆ. ಯಾರು ಬೇಡ ಅಂದರು? ಆದರೆ ರಿಂಗ್ ರೋಡಿನಲ್ಲಿ ಒಂದು ಬೈಕ್ ಬಿದ್ದರೆ ಸುತ್ತ ಹತ್ತಾರು ಮೊಬೈಲು ಮೇಲೇಳುತ್ತವೆ. ರಕ್ತದ ವಿಡಿಯೋ ಎಲ್ಲರ ಹತ್ತಿರವೂ ಇದೆ. ಗುದ್ದಿದ ಗಾಡಿಯ ನಂಬರ್ ಪ್ಲೇಟು ಒಬ್ಬನ ಹತ್ತಿರವೂ ಇರಲ್ಲ. ಇದಕ್ಕೆ ಏನಂತೀರಿ?

ಗಾಯವೂ ಕಾಯುತ್ತಾ ಕೂರಲ್ಲ. ಕಂದುಗಟ್ಟಿದ್ದು ನೀಲಿ, ಹಸಿರು, ಹಳದಿ ಆಗಿ ಎರಡು ವಾರದಲ್ಲಿ ಮಾಯ. ಮನೆಯವರು ಎರಡು ಮೂರು ದಿನಕ್ಕೊಮ್ಮೆ ಫೋಟೋ ತೆಗೆಯಬೇಕು. ಮುಖ ಕಾಣುವಂಥದ್ದೊಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಒಂದು ಸ್ಕೇಲು. ವಾಟ್ಸಾಪಲ್ಲಿ ಕಳಿಸಿ ಮೊಬೈಲಿಂದ ಅಳಿಸಬೇಡಿ. ಹಾಗೆ ಕಳಿಸಿದ ಫೋಟೋದಲ್ಲಿ ತೆಗೆದ ದಿನ, ವೇಳೆಯ ವಿವರ ಉಳಿಯಲ್ಲ.

ಮೆಡಿಕಲ್ ಶಾಪಿನ ಬಿಲ್ಲುಗಳದ್ದು ಬೇರೆ ಕತೆ. ಆ ನುಣುಪು ಕಾಗದದ ಮೇಲೆ ಶಾಯಿಯೇ ಇರಲ್ಲ, ಬಿಸಿ ತಾಗಿದರೆ ಕಪ್ಪಾಗುವ ಲೇಪ ಅಷ್ಟೇ. ನಮ್ಮ ಮೇ ತಿಂಗಳ ಬಿಸಿಲು, ಮೇಲೆ ತಗಡಿನ ಮನೆ! ವರ್ಷದೊಳಗೆ ಅಕ್ಷರ ಮಾಸುತ್ತದೆ, ಇಲ್ಲ ಕಾಗದವೇ ಕಪ್ಪಾಗುತ್ತದೆ. ಕಾಕಾ ತಂದ ಬಿಲ್ಲುಗಳಲ್ಲಿ ಅರ್ಧಕ್ಕರ್ಧ ಬರೀ ಬಿಳಿ. ಬಿಳಿ ಕಾಗದದ ಜೆರಾಕ್ಸೂ ಬಿಳಿಯೇ. ನಿಜ ಹೇಳುತ್ತೇನೆ, ಇಂಥವರ ಹತ್ತಿರ ದುಡ್ಡು ಇಸಿದುಕೊಳ್ಳಲು ಮನಸ್ಸು ಬರಲ್ಲ. ಆದರೂ ಇಸಿದುಕೊಳ್ಳುತ್ತೇನೆ, ಕರೆಂಟ್ ಬಿಲ್ ಕಟ್ಟಬೇಕಲ್ಲ. ಬಿಲ್ಲು ಕೈಗೆ ಬಂದ ದಿನವೇ ಫೋಟೋ ತೆಗೆಯಿರಿ, ಪ್ರತಿ ಮಾಡಿಸಿ. ನನ್ನ ಅಂಗಡಿಗೇ ಬರಬೇಕಂತಿಲ್ಲ.

ಆಸ್ಪತ್ರೆಯವರು ಕಾಗದ ಕೊಡಲ್ಲ ಅಂದರೆ ಬಾಯಿಮಾತಲ್ಲಿ ಬೇಡಬೇಡಿ, ಅರ್ಜಿ ಬರೆದುಕೊಡಿ. ಒಳರೋಗಿಯ ದಾಖಲೆ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರಿಗೆ 2002ರಿಂದಲೇ ನಿಯಮ ಇದೆ.

ಇನ್ನು ಕೈ. ಎಕ್ಸ್‌ರೇ ಮುರಿದ ಮೂಳೆ ತೋರಿಸುತ್ತದೆ, ಕತ್ತರಿ ಹಿಡಿಯಲಾಗದ್ದನ್ನು ತೋರಿಸಲ್ಲ. ಡಾಕ್ಟರು ಕೊಡುವ ಅಂಗವೈಕಲ್ಯದ ಶೇಕಡಾ ಲೆಕ್ಕವೇ ದುಡಿಮೆ ನಷ್ಟದ ಲೆಕ್ಕ ಅಲ್ಲ, ಆ ಮನುಷ್ಯನ ಕಸುಬು ನೋಡಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿದೆ. ಟೇಲರನ ಮಣಿಕಟ್ಟೂ ಮೇಷ್ಟ್ರ ಮಣಿಕಟ್ಟೂ ಒಂದೇ ಅಲ್ಲ. ಆದರೆ ಅವನು ಟೇಲರ್ ಅನ್ನುವುದಕ್ಕೇ ಚೀಟಿ ಇಲ್ಲ! ಹೊಲಿಗೆ ಆರ್ಡರ್ ಪುಸ್ತಕವನ್ನು ರದ್ದಿಗೆ ಹಾಕಿದ್ದಾರಂತೆ. ಒಂದು ನೋಟ್‌ಬುಕ್ ಸಾಕಿತ್ತು: ಯಾವ ದಿನ ಕೆಲಸಕ್ಕೆ ಹೋಗಲಿಲ್ಲ, ಆಟೋಗೆ ಎಷ್ಟು ಕೊಟ್ಟೆ, ಊಟ ಯಾರು ಮಾಡಿಸಿದರು, ರಾತ್ರಿ ನಿದ್ದೆ ಬಂತೋ ಇಲ್ಲವೋ.

ನಿಂತ ಮಂದಿ ಅಲ್ಲಿಗೂ ಬಿಡಲಿಲ್ಲ. ಮನೆಗೆ ಬಂದು, ಜೀಪಿನವ ನಮ್ಮವನೇ, ಇಪ್ಪತ್ತು ಸಾವಿರಕ್ಕೆ ಮುಗಿಸಿಕೊಳ್ಳಿ ಅಂತ ಕೂತರಂತೆ. ಇವತ್ತು ಕೊಡುತ್ತಾನೆ, ನಾಳೆ ಕೊಡುತ್ತಾನೆ ಅನ್ನುತ್ತಲೇ ತಿಂಗಳುಗಳು ಹೋದವು. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಕಾನೂನಿನಲ್ಲಿದೆ. ಅದರ ಮೇಲಿನ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿದೆ, ಆದರೆ ಅದನ್ನು ನಂಬಿ ಕೂರಬೇಡಿ, ಬೇಗ ವಕೀಲರನ್ನು ಕಾಣಿ. ಕಾಕಾಗೂ ಅದನ್ನೇ ಹೇಳಿ ಕಳಿಸಿದೆ. ಆ ಇಪ್ಪತ್ತು ಸಾವಿರವಾದರೂ ಬಂತಾ ಅಂತ ಕೇಳಿದರೆ, ಐದು ಬಂದಿದೆಯಂತೆ. ಅದಕ್ಕೂ ಚೀಟಿ ಇಲ್ಲ.