ಹೆಜ್ಜೆ ಕಡಿಮೆ ಎಂದ ಮಾತ್ರಕ್ಕೆ ಮಗು ಸೋಮಾರಿಯಲ್ಲ

ದಪ್ಪಗಿರುವ ಮಕ್ಕಳು ಓಡಾಡುವುದೇ ಇಲ್ಲ ಎಂಬುದಕ್ಕೆ ಹೆಜ್ಜೆ ಎಣಿಸುವ ಯಂತ್ರವೇ ಸಾಕ್ಷಿ ಎಂದು ಲೇಖನವೊಂದರಲ್ಲಿ ಓದಿದೆ. ಒಪ್ಪಲಾರೆ. ಸೊಂಟಕ್ಕೆ ಸಿಕ್ಕಿಸುವ ಸ್ಪ್ರಿಂಗ್ ಮಾದರಿಯ ಪೆಡೋಮೀಟರ್ ನೆಟ್ಟಗೆ ನಿಂತರೆ ಮಾತ್ರ ಸರಿಯಾಗಿ ಎಣಿಸುತ್ತದೆ. ಹೊಟ್ಟೆಯ ಉಬ್ಬಿಗೆ ಅದು ವಾಲಿದರೆ, ನಡಿಗೆ ನಿಧಾನವಾದರೆ, ಹೆಜ್ಜೆಗಳು ಲೆಕ್ಕ ತಪ್ಪುತ್ತವೆ. ಯಾರನ್ನು ಅಳೆಯಲು ತಂದೆವೋ ಅವರಿಗೇ ಹೆಚ್ಚು ಅನ್ಯಾಯ!

ನಾನು ತುಮಕೂರಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಕ್ಯಾತ್ಸಂದ್ರದಿಂದ ಸೈಕಲ್ ತುಳಿದು ಬರುವ ಭಾರಿ ಮೈಕಟ್ಟಿನ ಹುಡುಗನೊಬ್ಬ ನಮ್ಮ ಶಾಲೆಯಲ್ಲಿದ್ದಾನೆ. ಕಬಡ್ಡಿಯಲ್ಲಿ ದಾಳಿಗೆ ಬಂದವರನ್ನು ಹಿಡಿದು ನಿಲ್ಲಿಸುವವನೂ ಅವನೇ. ಆ ಶ್ರಮ ಯಾವ ಹೆಜ್ಜೆಯ ಲೆಕ್ಕಕ್ಕೆ ಸಿಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳಿರುವುದು ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಿನ ಚಟುವಟಿಕೆಯನ್ನು, ಹೆಜ್ಜೆಗಳ ಸಂಖ್ಯೆಯನ್ನಲ್ಲ. ಯಂತ್ರ ಕಟ್ಟುವುದಾದರೆ ಕಟ್ಟಿ, ಆದರೆ ಆ ಅಂಕಿಯನ್ನು ದಯವಿಟ್ಟು ತರಗತಿಯಲ್ಲಿ ಎಲ್ಲರೆದುರು ಓದಬೇಡಿ.